ಹದಿನಾರು ನೋಡ್‌ಗಳ ಕ್ಲಸ್ಟರ್: ರ್‍ಯಾಕ್ ತುಂಬಿತು, ಪವರ್ ಲೆಕ್ಕ ಬದಲಾಯಿತು

42ಯು ರ್‍ಯಾಕ್‌ನಲ್ಲಿ 2ಯು ಎತ್ತರದ (ಒಂದು ಯು ಎಂದರೆ 44.45 ಮಿ.ಮೀ.) 16 ಸರ್ವರ್‌ಗಳು, ಅಂದರೆ ಕಂಪ್ಯೂಟ್ ನೋಡ್‌ಗಳು, ಒಂದು ಲಾಗಿನ್ ಸರ್ವರ್, ನೋಡ್‌ಗಳನ್ನು ವೇಗವಾಗಿ ಜೋಡಿಸುವ ಒಂದು ಇನ್ಫಿನಿಬ್ಯಾಂಡ್ ಸ್ವಿಚ್, ಒಂದು ಮ್ಯಾನೇಜ್‌ಮೆಂಟ್ ಸ್ವಿಚ್ ಕೂತಿವೆ. ಒಟ್ಟು 35ಯು. ಉಳಿದ 7ಯು ಜಾಗಕ್ಕೆ ಬ್ಲ್ಯಾಂಕಿಂಗ್ ಪ್ಯಾನೆಲ್ ಹಾಕಿದ್ದೇವೆ. ಹಾಗೇ ಬಿಟ್ಟರೆ ಹಿಂದಿನ ಬಿಸಿಗಾಳಿ ಆ ಸಂದಿನಿಂದ ಮುಂದಕ್ಕೆ ಸುತ್ತಿ ಬಂದು ಪಕ್ಕದ ನೋಡ್‌ಗಳ ಫ್ಯಾನ್‌ಗಳು ಸುಮ್ಮಸುಮ್ಮನೆ ಕಿರುಚತೊಡಗುತ್ತವೆ. ರೈಲ್ ಕೂರಿಸುವಾಗ ತೂತು ಎಣಿಸುವುದಕ್ಕಿಂತ ಯು ಗುರುತು ನೋಡುವುದೇ ವಾಸಿ: ಒಂದು ಯುಗೆ ಮೂರು ತೂತು, ಅಂತರ 15.875, 15.875, 12.7 ಮಿ.ಮೀ. ತೂತಿಗೆ ಸಿಕ್ಕಿಸುವ ಕೇಜ್ ನಟ್ ಒಂದು ತೂತು ತಪ್ಪಿದರೆ ಮೇಲಿನ ನೋಡ್ ಕೂರುವುದೇ ಇಲ್ಲ.

ಹೆಚ್ಚು ತಲೆ ತಿಂದದ್ದು ಪವರ್. ಎ, ಬಿ ಎಂದು ಎರಡು ಪಿಡಿಯು (ರ‍್ಯಾಕ್‌ಗೆ ಕರೆಂಟ್ ಹಂಚುವ ಪಟ್ಟಿ). ಎರಡೂ ತ್ರೀ-ಫೇಸ್, 32 ಆಂಪ್, 230 ವೋಲ್ಟ್. ಪ್ರತಿ ನೋಡ್‌ನ ಒಂದು ಪವರ್ ಸಪ್ಲೈ ಎ-ಗೆ, ಇನ್ನೊಂದು ಬಿ-ಗೆ. ಲೋಡ್ ಅರ್ಧರ್ಧ ಹಂಚಿಹೋಗುವುದರಿಂದ ಮೀಟರ್ ನೋಡಿದರೆ ಎಲ್ಲ ಆರಾಮಾಗಿಯೇ ಕಾಣುತ್ತದೆ. ಒಂದು ಬಿದ್ದ ಕ್ಷಣ ಪೂರ್ತಿ ಭಾರ ಇನ್ನೊಂದರ ಮೇಲೆ. ಹಾಗಾಗಿ ಲೆಕ್ಕ ಒಂದೇ ಪಿಡಿಯುಗೆ ಹಾಕಬೇಕು: 3 × 32 × 230, ಸುಮಾರು 22 ಕಿಲೋವ್ಯಾಟ್, ನಿರಂತರ ಲೋಡ್‌ಗೆ ಅದರ 80% ಹಿಡಿದರೆ 17.7. ಲಿನ್‌ಪ್ಯಾಕ್ (ಪೂರ್ತಿ ಭಾರ ಹಾಕುವ ಪರೀಕ್ಷಾ ಪ್ರೋಗ್ರಾಮ್) ಓಡುವಾಗ ನೋಡ್ ಒಂದು ಎಳೆಯುವುದು 1,100 ವ್ಯಾಟ್, ಹದಿನಾರಕ್ಕೆ 17.6. ನೋಡ್‌ಗಳ ಮಟ್ಟಿಗೆ ಕಾಗದದ ಮೇಲೆ ಹಿಡಿಸಿತು. ಆದರೆ 16 ಮೂರರಿಂದ ಭಾಗವಾಗುವುದಿಲ್ಲವಲ್ಲ! ಒಂದು ಫೇಸ್‌ಗೆ 6 ನೋಡ್ ಬೀಳುತ್ತವೆ: 6,600 ವ್ಯಾಟ್, ಅಂದರೆ 28.7 ಆಂಪ್, 80%ರ ಮಿತಿ 25.6. ಬಿಎಂಸಿಯಲ್ಲಿ (ಸರ್ವರ್‌ನ ನಿಗಾ ಚಿಪ್) ನೋಡ್‌ಗೆ 900 ವ್ಯಾಟ್ ಪವರ್ ಕ್ಯಾಪ್, ಅಂದರೆ ಮಿತಿ, ಹಾಕಿದರೆ ಆ ಫೇಸ್ 23.5 ಆಂಪ್‌ಗೆ ಇಳಿಯುತ್ತದೆ. ಸ್ವಿಚ್‌ಗಳನ್ನೂ ಲಾಗಿನ್ ಸರ್ವರನ್ನೂ ಐದೈದು ನೋಡ್ ಇರುವ ಫೇಸ್‌ಗಳಿಗೆ ಕೊಟ್ಟಿದ್ದೇವೆ.

ಮೆಮೊರಿ: ನೋಡ್‌ಗೆ ಎರಡು ಪ್ರೊಸೆಸರ್ ಸಾಕೆಟ್, ಸಾಕೆಟ್‌ಗೆ 12 ಚಾನೆಲ್, ನೋಡ್‌ಗೆ 24 ಡಿಮ್ (ಮೆಮೊರಿ ಪಟ್ಟಿ), ಒಟ್ಟು 384. ಡಿಡಿಆರ್5-4800ರಲ್ಲಿ ಸಾಕೆಟ್‌ಗೆ ಲೆಕ್ಕದ ಪ್ರಕಾರ ಸೆಕೆಂಡಿಗೆ 460.8 ಜಿಬಿ. ಒಂದು ಡಿಮ್ ಕಾಣೆಯಾದರೂ ನೋಡ್ ಸದ್ದಿಲ್ಲದೆ ಬೂಟ್ ಆಗುತ್ತದೆ. ಇಂಟರ್‌ಲೀವಿಂಗ್ (ಡೇಟಾವನ್ನು ಚಾನೆಲ್‌ಗಳಿಗೆ ಸಮನಾಗಿ ಹಂಚುವುದು) ಕೆಟ್ಟು ವೇಗ ಮಾತ್ರ ಹನ್ನೆರಡರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಕುಸಿಯಬಹುದು. ಒಂದು ನೋಡ್ 23 ತೋರಿಸಿತು. ಇಂಥಲ್ಲಿ ಮೊದಲು ಡಿಮ್ ಅದಲುಬದಲು ಮಾಡಬೇಕು. ದೋಷ ಡಿಮ್ ಹಿಂದೆಯೇ ಹೋದರೆ ಡಿಮ್ ಕೆಟ್ಟಿದೆ. ಅದೇ ಸ್ಲಾಟ್‌ನಲ್ಲಿ ಉಳಿದರೆ ಅನುಮಾನ ಪ್ರೊಸೆಸರ್ ಕೂತ ರೀತಿಯ ಮೇಲೆ. ಎಸ್‌ಪಿ5 ಸಾಕೆಟ್‌ನಲ್ಲಿ 6,096 ಪಿನ್, ಮೆಮೊರಿಯ ಸಂಪರ್ಕವೂ ಅವುಗಳ ಮೂಲಕವೇ. ಒಂದು ಮೂಲೆಯಲ್ಲಿ ಒತ್ತಡ ಕಡಿಮೆಯಾದರೆ ಸಾಕು, ಚಾನೆಲ್ ಮಾಯ. ಹೀಟ್‌ಸಿಂಕ್ ಬಿಚ್ಚಿ, ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ಪಿನ್‌ಗಳ ಸಾಲು ನೋಡಿ, ಲೇಬಲ್‌ನಲ್ಲಿರುವ ಕ್ರಮದಲ್ಲೇ ಟಾರ್ಕ್ ಡ್ರೈವರ್‌ನಿಂದ ಬಿಗಿದ ಮೇಲೆ 24 ಬಂತು. ಕೈಯಂದಾಜು ಇಲ್ಲಿ ನಡೆಯದು.

ನೆಟ್‌ವರ್ಕ್ ಎನ್‌ಡಿಆರ್ (ಇನ್ಫಿನಿಬ್ಯಾಂಡ್‌ನ ಒಂದು ಪೀಳಿಗೆ), ಪೋರ್ಟ್‌ಗೆ 400 ಗಿಗಾಬಿಟ್. ಸ್ವಿಚ್‌ನ ಕೇಬಲ್ ಸಿಕ್ಕಿಸುವ ಒಂದು ಒಎಸ್‌ಎಫ್‌ಪಿ ಕೇಜ್‌ನಲ್ಲಿ ಎರಡು ಪೋರ್ಟ್ ಇರುವುದರಿಂದ, ತುದಿ ಎರಡಾಗಿ ಕವಲೊಡೆದ ತಾಮ್ರದ ಡಿಎಸಿ ಕೇಬಲ್ 8 ಸಾಕಾದವು. ದಪ್ಪ ಕೇಬಲ್, ಬಗ್ಗುವುದು ಕಷ್ಟ. ಪವರ್ ಸಪ್ಲೈ ಹೊರಗೆಳೆಯಲು ಅಡ್ಡ ಬಾರದಂತೆ ಪಕ್ಕಕ್ಕೆ ಸರಿಸಿ ವೆಲ್ಕ್ರೋ ಕಟ್ಟಬೇಕು. ಪೋರ್ಟ್ ‘ಇನಿಷಿಯಲೈಸಿಂಗ್’ನಲ್ಲೇ ನಿಂತರೆ ಕೇಬಲನ್ನು ಬೈಯುವ ಮೊದಲು ಸಬ್‌ನೆಟ್ ಮ್ಯಾನೇಜರ್ (ಪೋರ್ಟ್‌ಗಳಿಗೆ ವಿಳಾಸ ಕೊಟ್ಟು ಚಾಲೂ ಮಾಡುವ ಸಾಫ್ಟ್‌ವೇರ್) ಓಡುತ್ತಿದೆಯಾ ನೋಡಿ. ಇನ್ನೊಂದು ಕಳ್ಳ ದೋಷವಿದೆ: ರೈಸರ್ (ನೆಟ್‌ವರ್ಕ್ ಕಾರ್ಡ್ ಸಿಕ್ಕಿಸುವ ಬೋರ್ಡ್) ಸರಿಯಾಗಿ ಕೂರದೆ ಕಾರ್ಡ್‌ಗೆ 16ರ ಬದಲು 8 ಪಿಸಿಐಇ ಲೇನ್ (ಡೇಟಾ ಹರಿಯುವ ದಾರಿ) ಸಿಕ್ಕರೆ ಲಿಂಕ್ 400 ಎಂದೇ ತೋರಿಸುತ್ತದೆ, ಡೇಟಾ ಮಾತ್ರ 250 ಗಿಗಾಬಿಟ್ ದಾಟದು. ಅದಕ್ಕೇ ಲೇನ್ ಸಂಖ್ಯೆಯನ್ನೂ ಎರಡೆರಡು ನೋಡ್‌ಗಳ ನಡುವಿನ ಬ್ಯಾಂಡ್‌ವಿಡ್ತನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತಿದ್ದೇವೆ.

ಬಾಕಿ ಇರುವುದು: ಕ್ಯಾಪ್ ಹಾಕಿದ ಹದಿನಾರೂ ನೋಡ್‌ಗಳ ಮೇಲೆ ಲಿನ್‌ಪ್ಯಾಕ್ ಓಡುತ್ತಿರುವಾಗಲೇ ಎ ಪಿಡಿಯುವಿನ ಬ್ರೇಕರ್ ಇಳಿಸುವುದು. ಬಿ ಮೀಟರ್‌ನಲ್ಲಿ ಮೂರೂ ಫೇಸ್‌ಗಳ ಆಂಪ್ ಬರೆದುಕೊಂಡ ಮೇಲೆಯೇ ಕೆಲಸಗಳನ್ನು ನೋಡ್‌ಗಳಿಗೆ ಹಂಚುವ ಶೆಡ್ಯೂಲರ್ ಹಾಕುವ ಮಾತು.