ಐಸ್‌ಲ್ಯಾಂಡ್ ವಿಶ್ವಕಪ್‌ಗೆ ಒಮ್ಮೆ ಬಂತು, ಮತ್ತೆ ಯಾಕೆ ಬರಲಿಲ್ಲ?

ಫುಟ್‌ಬಾಲ್ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು: ಸುಮಾರು ಮೂರೂವರೆ ಲಕ್ಷ ಜನರ ಐಸ್‌ಲ್ಯಾಂಡ್ 2016ರ ಯೂರೋದಲ್ಲಿ (ಯುರೋಪಿನ ದೇಶಗಳ ಚಾಂಪಿಯನ್‌ಶಿಪ್‌ನಲ್ಲಿ) ಇಂಗ್ಲೆಂಡನ್ನು ಸೋಲಿಸಿತು, 2018ರಲ್ಲಿ ವಿಶ್ವಕಪ್ ಆಡಿತು. ಆಮೇಲೆ ಏನಾಯಿತು?

ಹನ್ನೊಂದು ಒಳ್ಳೆಯ ಆಟಗಾರರನ್ನು ಒಂದು ಚಿಕ್ಕ ದೇಶ ಪಟ್ಟುಹಿಡಿದು ತಯಾರು ಮಾಡಬಹುದು. ಅವರಷ್ಟೇ ಸಮರ್ಥರಾದ ಇನ್ನೂ ಹನ್ನೊಂದು ಜನ ಬೆಂಚಿನಲ್ಲಿ ಇರಬೇಕೆಂದರೆ ಜನಸಂಖ್ಯೆಯೇ ಬೇಕು. ಇದೇ ನನ್ನ ಉತ್ತರ.

ಮೊದಲು ಅವರು ಎಲ್ಲಿಂದ ಬಂದರು ನೋಡಿ. 1967ರಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಇದೇ ಐಸ್‌ಲ್ಯಾಂಡನ್ನು 14-2ರಿಂದ ಸೋಲಿಸಿತ್ತು. ಐಸ್‌ಲ್ಯಾಂಡಿನ ಮುಖ್ಯ ತೊಡಕು ಹವಾಮಾನ. ಡಿಸೆಂಬರಿನಲ್ಲಿ ರೇಕ್ಯಾವಿಕ್‌ನಲ್ಲಿ ಹಗಲು ನಾಲ್ಕು ಗಂಟೆ ಮಾತ್ರ. ಗಾಳಿ, ಹಿಮ, ಗಟ್ಟಿಯಾದ ನೆಲ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಚೆಂಡಿನ ಹಿಡಿತ ಕಲಿಯುವುದಕ್ಕೇ ಆಗುತ್ತಿರಲಿಲ್ಲ. 2000ದಲ್ಲಿ ಕೆಫ್ಲಾವಿಕ್‌ನಲ್ಲಿ ಪೂರ್ಣ ಅಳತೆಯ ಮೈದಾನವನ್ನೇ ಸೂರಿನಡಿ ಕಟ್ಟಿದರು. ಬೆನ್ನಿಗೇ ಕೋಪವೋಗುರ್ ಸೇರಿದಂತೆ ಬೇರೆ ಊರುಗಳಲ್ಲೂ ಅಂಥವು ಎದ್ದವು. ಶಾಲೆಗಳ ಪಕ್ಕದಲ್ಲಿ ಕೃತಕ ಹುಲ್ಲಿನ ಪುಟ್ಟ ಅಂಗಳಗಳು ಬಂದವು. ಜೊತೆಗೆ ಎಳೆಯ ಮಕ್ಕಳಿಗೂ ತರಬೇತಿ ಪಡೆದ, ಸಂಬಳ ಪಡೆಯುವ ಕೋಚ್. ನೂರಾರು ಮಂದಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಯೆಫಾದ ಬಿ ದರ್ಜೆಯ ಕೋಚಿಂಗ್ ಪರವಾನಗಿ ಪಡೆದರು. ಕಟ್ಟಡಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಆದರೆ ಕೋಚ್‌ಗಳ ಪಾಲೇ ದೊಡ್ಡದು ಎಂದು ನನಗನಿಸುತ್ತದೆ. ಕಲಿಸುವವರಿಲ್ಲದ ಸೂರು ಬರೀ ಗೋದಾಮು.

ಫಲ ಮೊದಲು ಕಂಡಿದ್ದು ಕಿರಿಯರಲ್ಲಿ. 2010ರಲ್ಲಿ 21 ವರ್ಷದೊಳಗಿನವರ ತಂಡ ಜರ್ಮನಿಯನ್ನು 4-1ರಿಂದ ಸೋಲಿಸಿ ಮರುವರ್ಷದ ಯೂರೋ ಸೇರಿತು. ಗಿಲ್ಫಿ ಸಿಗುರ್ಡ್ಸನ್, ಆರೊನ್ ಗುನ್ನಾರ್ಸನ್, ಕೋಲ್ಬೈನ್ ಸಿಗ್ಥೋರ್ಸನ್ ಆ ಪೀಳಿಗೆಯವರು. ಮಹಿಳೆಯರಂತೂ ಪುರುಷರಿಗಿಂತ ಏಳು ವರ್ಷ ಮೊದಲೇ, 2009ರಲ್ಲಿ, ಯೂರೋ ಆಡಿದ್ದರು; 2013ರಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು, 2025ರವರೆಗೆ ಒಂದು ಯೂರೋವನ್ನೂ ತಪ್ಪಿಸಿಕೊಂಡಿಲ್ಲ. ಈ ಪ್ರಶ್ನೆ ಕೇಳುವವರು ಅವರನ್ನು ಮರೆಯುವುದು ನನಗೆ ಬೇಸರ ತರುತ್ತದೆ.

2011ರಲ್ಲಿ ಸ್ವೀಡನ್ನಿನ ಲಾರ್ಸ್ ಲಾಗರ್‌ಬಾಕ್ ಕೋಚ್ ಆಗಿ ಬಂದರು. ಜೊತೆಗೆ ವೃತ್ತಿಯಿಂದ ದಂತವೈದ್ಯರಾದ ಹೇಮಿರ್ ಹಾಲ್‌ಗ್ರಿಮ್ಸನ್. 4-4-2 ಕಟ್ಟು (ಹಿಂದೆ ನಾಲ್ವರು, ಮಧ್ಯದಲ್ಲಿ ನಾಲ್ವರು, ಮುಂದೆ ಇಬ್ಬರು), ಎರಡು ಸಾಲುಗಳ ನಡುವೆ ಜಾಗವೇ ಬಿಡದ ರಕ್ಷಣೆ, ಗುನ್ನಾರ್ಸನ್‌ರ ಉದ್ದ ಥ್ರೋ-ಇನ್. 2016ರ ಯೂರೋದಲ್ಲಿ, ಫ್ರಾನ್ಸಿನ ನೀಸ್‌ನಲ್ಲಿ, ಇಂಗ್ಲೆಂಡ್ ವಿರುದ್ಧದ ಮೊದಲ ಗೋಲು ಬಂದಿದ್ದು ಹಾಗೆಯೇ: ಬದಿಗೆರೆಯಿಂದ ಥ್ರೋ, ಕಾರಿ ಆರ್ನಾಸನ್ ತಲೆಯಿಂದ ಹಿಂದಕ್ಕೆ ದಾಟಿಸಿದರು, ಓಡಿಬಂದ ರಾಗ್ನರ್ ಸಿಗುರ್ಡ್ಸನ್ ಬಲೆಗೆ ತಳ್ಳಿದರು. ಇಂಗ್ಲೆಂಡಿನ ರೂನಿ ಪೆನಾಲ್ಟಿಯಿಂದ ಗೋಲು ಗಳಿಸಿ ಎರಡೇ ನಿಮಿಷ ಆಗಿತ್ತು. ಕೊನೆಗೆ 2-1.

ಆದರೆ ಅದೇ ಟೂರ್ನಿಯಲ್ಲಿ ಬಿರುಕೂ ಕಂಡಿತ್ತು. ಐದು ಪಂದ್ಯಕ್ಕೂ ಅದೇ ಹನ್ನೊಂದು ಜನ ಶುರುಮಾಡಿದರು. 20 ದಿನಗಳಲ್ಲಿ ಐದನೇ ಪಂದ್ಯ ಫ್ರಾನ್ಸ್ ಎದುರು. ವಿರಾಮದ ಹೊತ್ತಿಗೆ 0-4, ಕೊನೆಗೆ 2-5. ಹೊಂದಾಣಿಕೆಗೆ ಒಂದೇ ತಂಡ ಒಳ್ಳೆಯದು, ಕಾಲಿಗೆ ಅಲ್ಲ.

2018ರ ವಿಶ್ವಕಪ್‌ಗೆ ಅವರು ಕ್ರೊವೇಷ್ಯಾ, ಉಕ್ರೇನ್, ಟರ್ಕಿ ಇದ್ದ ಗುಂಪಿನಲ್ಲಿ ಅಗ್ರಸ್ಥಾನ ಪಡೆದೇ ಬಂದರು. ಅದುವರೆಗೆ ಅಷ್ಟು ಕಡಿಮೆ ಜನರ ದೇಶ ಯಾವುದೂ ಬಂದಿರಲಿಲ್ಲ. ಅರ್ಜೆಂಟೀನಾ ಜೊತೆ 1-1, ಮೆಸ್ಸಿ ಪೆನಾಲ್ಟಿಯನ್ನು ಹಾನ್ನೆಸ್ ಹಾಲ್ಡೋರ್ಸನ್ ತಡೆದರು. ನೈಜೀರಿಯಾಗೆ 0-2, ಕ್ರೊವೇಷ್ಯಾಗೆ 1-2. ಅದರಲ್ಲಿ ಪೆರಿಸಿಚ್ ಗೋಲು 90ನೇ ನಿಮಿಷದ್ದು.

ಅಲ್ಲಿಂದ ಮುಂದೆ ಗಡಿಯಾರ ನೋಡಿ. 2020ರ ನವೆಂಬರ್, ಬುಡಾಪೆಸ್ಟ್: ಯೂರೋ ಸೇರಲು ಕೊನೆಯ ಅವಕಾಶವಾದ ಪ್ಲೇ-ಆಫ್‌ನಲ್ಲಿ 88ನೇ ನಿಮಿಷದವರೆಗೆ 1-0 ಮುಂದಿದ್ದು ಹಂಗೇರಿಗೆ 1-2ರಿಂದ ಸೋಲು. 2024ರ ಮಾರ್ಚ್, ವ್ರೊಟ್ಸ್ವಾಫ್: ಮತ್ತೆ ಯೂರೋ ಪ್ಲೇ-ಆಫ್‌ನಲ್ಲಿ ಉಕ್ರೇನ್ ವಿರುದ್ಧ ಮುನ್ನಡೆ ಪಡೆದೂ 84ನೇ ನಿಮಿಷದ ಮುದ್ರಿಕ್ ಗೋಲಿನಿಂದ 1-2. 2025ರ ನವೆಂಬರ್, ವಾರ್ಸಾ: ವಿಶ್ವಕಪ್ ಪ್ಲೇ-ಆಫ್ ಸೇರಲು ಉಕ್ರೇನ್ ಎದುರು ಡ್ರಾ ಸಾಕಿತ್ತು, ಕೊನೆಯ ಹತ್ತು ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು 0-2.

ಇದನ್ನು ದುರದೃಷ್ಟ ಎನ್ನಲು ನನಗೆ ಮನಸ್ಸಿಲ್ಲ. ಚೆಂಡು ಎದುರಾಳಿಯ ಕಾಲಲ್ಲೇ ಇರಲು ಬಿಟ್ಟು ರಕ್ಷಿಸುವ ತಂಡ ಚೆಂಡಿನ ಹಿಂದೆ ಓಡುತ್ತಲೇ ಇರಬೇಕು. 75ನೇ ನಿಮಿಷಕ್ಕೆ ಸಾಲುಗಳು ಬಿಡಿಬಿಡಿಯಾಗುತ್ತವೆ, ಅಡ್ಡ ಪಾಸನ್ನು ತಡೆಯಲು ಅರ್ಧ ಹೆಜ್ಜೆ ತಡವಾಗುತ್ತದೆ. ಆಗ ಎದುರಾಳಿ ದೊಡ್ಡ ಕ್ಲಬ್ಬಿನ ಹೊಸ ಕಾಲುಗಳನ್ನು ಇಳಿಸುತ್ತಾನೆ. ಐಸ್‌ಲ್ಯಾಂಡ್ ಬೆಂಚಿನಿಂದ ಬರುವವರಿಗೆ ಆ ಮಟ್ಟದ ಆಟದ ಅಭ್ಯಾಸ ಕಡಿಮೆ.

2025ರಲ್ಲಿ ಕೆರಿಬಿಯನ್ ದ್ವೀಪ ಕುರಸಾವ್ ಇನ್ನೂ ಚಿಕ್ಕ ಜನಸಂಖ್ಯೆಯೊಂದಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತಲ್ಲ ಎನ್ನುವವರಿದ್ದಾರೆ. ಅದರ ದಾರಿ ಬೇರೆ: ಅಲ್ಲಿಯ ಆಟಗಾರರಲ್ಲಿ ಬಹುಪಾಲು ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿ, ಅಲ್ಲಿನ ಅಕಾಡೆಮಿಗಳಲ್ಲಿ ಕಲಿತವರು. ಐಸ್‌ಲ್ಯಾಂಡ್ ತನ್ನ ಆಟಗಾರರನ್ನು ಹೆಚ್ಚಾಗಿ ತನ್ನ ಊರುಗಳ ಕ್ಲಬ್ಬುಗಳಲ್ಲೇ, ಆ ಸೂರುಗಳಡಿಯಲ್ಲೇ ಬೆಳೆಸಬೇಕು.