ಮೊದಲ ಉತ್ತರ ದೇವರಿಗೆ

ಸಿಟ್ಟು ಬಂದಾಗ ಸುಮ್ಮನಿರಬೇಕು ಅನ್ನುವ ಪ್ರಸಂಗವನ್ನು ಚರ್ಚಿನಲ್ಲಿ ಚಿಕ್ಕವಳಿದ್ದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಸುಮ್ಮನಾದ ಮೇಲೆ ಆ ಸಿಟ್ಟು ಎಲ್ಲಿಗೆ ಹೋಗಬೇಕು ಅಂತ ಬಿಡಿಸಿ ಹೇಳಿದವರು ಮಾತ್ರ ಕಡಿಮೆ. ನನಗೆ ಅದು ತಿಳಿದದ್ದು ಕಳೆದ ವರ್ಷ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಒಂದು ಶನಿವಾರ, ಹುಬ್ಬಳ್ಳಿಯ ನಮ್ಮ ಮನೆಯಲ್ಲಿ.

ಅವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಆಗಿತ್ತು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಸುಸ್ತಾಗಿ ಕೂರುತ್ತಿದ್ದಳು. ಹಗಲು ಒಬ್ಬ ಆಯಾ, ರಾತ್ರಿ ನಾನು. ಅಣ್ಣ ಇರುವುದು ಬೆಂಗಳೂರಿನಲ್ಲಿ. ಅವತ್ತು ಬಂದವನು ಚಹಾ ಕುಡಿಯುತ್ತಾ ಔಷಧಿ ಅಂಗಡಿಯ ಬಿಲ್ಲುಗಳನ್ನು ತಿರುವಿ ಹಾಕಿದ. ಆಮೇಲೆ ಅವ್ವನ ಎದುರಿಗೇ ಕೇಳಿದ: "ಅವ್ವನ ಪೆನ್ಶನ್ ರೊಕ್ಕ ಎಲ್ಲಿ ಹೊಂಟೈತಿ?"

ಕಿವಿ ಬಿಸಿಯಾಯಿತು. ಕೈಯಲ್ಲಿದ್ದ ಕಪ್ಪು ಬಸಿಯ ಮೇಲೆ ಕಟಕಟ ಅಂದಿತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ನೀ ಎಷ್ಟು ರಾತ್ರಿ ಎದ್ದು ಕುಂತೀ, ಬೆಡ್‌ಪ್ಯಾನ್ ಒಮ್ಮೆಯಾದರೂ ಹಿಡಿದೀಯೇನು, ವಾರಕ್ಕೊಂದು ಫೋನ್ ಮಾಡಿ ಮಗ ಅನ್ನಿಸಿಕೊಳ್ಳೋದು ಸಸಾರ. ಎಲ್ಲವೂ ಖರೇ ಮಾತುಗಳೇ, ಅದಕ್ಕೇ ಅವನ್ನು ತಡೆಯುವುದು ಅಷ್ಟು ಕಷ್ಟವಾಯಿತು.

"ಲೆಕ್ಕ ಬರದಿಟ್ಟೀನಿ ಅಣ್ಣಾ, ತರ್ತೀನಿ" ಅಂದು ಎದ್ದೆ. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ನನ್ನ ಬಾಯಿಗೆ ಕಾವಲಿಡು, ತುಟಿಗಳ ಬಾಗಿಲು ಕಾಯಿ ಅಂತ ರಾಜ ದಾವೀದ ಬೇಡುವ, ಬೈಬಲ್ಲಿನ 141ನೇ ಕೀರ್ತನೆಯ ಮಾತು ಮೊದಲು ಬಂತು. ಬರೀ ಅಷ್ಟಕ್ಕೆ ಎದೆ ತಣ್ಣಗಾಗಲಿಲ್ಲ. ಹಾಗಾಗಿ ಅಣ್ಣನಿಗೆ ಹೇಳಬೇಕಾಗಿದ್ದನ್ನೆಲ್ಲ ಒಲೆಯ ಮುಂದೆ ನಿಂತು ದೇವರಿಗೆ ಹೇಳಿದೆ, ಬೆಡ್‌ಪ್ಯಾನ್ ವಿಷಯವನ್ನೂ ಸೇರಿಸಿ. ಸೊಗಸು ಮಾಡಿ ಹೇಳಲಿಲ್ಲ, ಅಳುತ್ತಾ ಹೇಳಿದೆ.

ಪ್ರಾರ್ಥನೆ ಅಂದರೆ ಶಾಂತವಾಗಿಯೇ ಇರಬೇಕು ಅಂದುಕೊಂಡವರು ಕೀರ್ತನೆಗಳನ್ನು ಒಮ್ಮೆ ಕೂತು ಓದಬೇಕು. 13ನೇ ಕೀರ್ತನೆ ಶುರುವಾಗುವುದೇ ಎಷ್ಟರವರೆಗೆ, ಎಷ್ಟರವರೆಗೆ ಅಂತ ದೇವರನ್ನೇ ಕೇಳುವುದರಿಂದ. 55ನೇ ಕೀರ್ತನೆಯಂತೂ ಅವತ್ತು ನನ್ನದೇ ಮನೆಯ ಮಾತಾಗಿತ್ತು. ನನ್ನನ್ನು ಹಂಗಿಸಿದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ಅದು ನೀನು, ನನ್ನ ಆಪ್ತ, ನಾವಿಬ್ಬರೂ ಜನರ ಜೊತೆ ದೇವಾಲಯಕ್ಕೆ ಹೋಗುತ್ತಿದ್ದವರು ಅಂತ ಅಲ್ಲಿ ಬರುತ್ತದೆ. ಭಾನುವಾರ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ರಸ್ತೆ ದಾಟಿಸಿ ಸಂಡೇ ಸ್ಕೂಲಿಗೆ ಕರೆದುಕೊಂಡು ಹೋಗುತ್ತಿದ್ದವನು ಇದೇ ಅಣ್ಣ. ಅದು ನೆನಪಾದಾಗ ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ಅವನನ್ನು ನೋಯಿಸಲೇಬೇಕು ಅನ್ನುವ ಹಟ ಹೋಯಿತು.

ಆಮೇಲೆ ಹೊಳೆದದ್ದು ನೆಹೆಮೀಯ, ಬೈಬಲ್ಲಿನಲ್ಲಿ ಬರುವ ಯೆಹೂದ್ಯರ ನಾಯಕ. ಯೆರೂಸಲೇಮಿನ ಗೋಡೆ ಕಟ್ಟುವಾಗ ಬಡವರ ಹೊಲ, ಮನೆ, ಮಕ್ಕಳನ್ನು ಸ್ವಂತ ಜನರೇ ಸಾಲಕ್ಕೆ ಎಳೆದುಕೊಂಡಿದ್ದು ಕೇಳಿ ಅವನಿಗೆ ಬಹಳ ಸಿಟ್ಟು ಬರುತ್ತದೆ. ಅವನ ಹೆಸರಿನ ಪುಸ್ತಕದ 5ನೇ ಅಧ್ಯಾಯದಲ್ಲಿ ಅವನು ಅದನ್ನು ಮುಚ್ಚಿಡುವುದಿಲ್ಲ. ಮೊದಲು ತನ್ನೊಳಗೇ ಆಲೋಚನೆ ಮಾಡುತ್ತಾನೆ, ಆಮೇಲೆ ಶ್ರೀಮಂತರನ್ನು ಮುಖಾಮುಖಿ ಗದರಿಸುತ್ತಾನೆ. ಹೊಲಗಳು ವಾಪಸ್ ಬರುತ್ತವೆ. ಅವನು ಸಿಟ್ಟು ನುಂಗಿಕೊಂಡು ಕೂತಿದ್ದರೆ ಆ ಬಡವರಿಗೆ ಏನು ಸಿಗುತ್ತಿತ್ತು?

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗಂಡನ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ "ತಾಳ್ಮೆ ತಗೊಳಮ್ಮಾ, ಪ್ರಾರ್ಥನೆ ಮಾಡು" ಅಂತಷ್ಟೇ ಹೇಳಿ ಮನೆಗೆ ಕಳಿಸುವುದನ್ನು ನಾನು ನೋಡಿದ್ದೇನೆ. ಅದು ಅನ್ಯಾಯ. ನಾನು ಹೇಳುತ್ತಿರುವ ತಾಳ್ಮೆ ಅದಲ್ಲ. ಅವಳಿಗೆ ಮೊದಲು ಬೇಕಾದದ್ದು ಭದ್ರವಾದ ಜಾಗ, ಜೊತೆಗೆ ನಿಲ್ಲುವ ಜನ.

ಲೆಕ್ಕದ ನೋಟ್‌ಬುಕ್ ತಂದು ಅಣ್ಣನಿಗೆ ಕೊಟ್ಟು, "ಸ್ವಲ್ಪ ಕಟ್ಟಿಗಿ ಬಾ" ಅಂತ ಹೊರಗೆ ಕರೆದೆ. ನಿನ್ನ ಸಹೋದರ ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು ಅಂತ ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ, ಎಷ್ಟು ಉಪಯೋಗದ ಮಾತು ಅದು. "ಅವ್ವನ ಮುಂದ ಹಂಗ ಕೇಳಿದ್ದು ನನಗ ಭಾಳ ನೋವಾತು. ಲೆಕ್ಕ ಕೇಳು, ಆದ್ರ ಕಳ್ಳಿ ಅನ್ನೂ ಹಂಗ ಕೇಳಬ್ಯಾಡ" ಅಂದೆ. ದನಿ ನಡುಗುತ್ತಿತ್ತು, ಆದರೆ ಏರಲಿಲ್ಲ. ಅವನು ಮೊದಲು ವಾದ ಮಾಡಿದ. ಆಯಾಳ ಸಂಬಳ ಜಾಸ್ತಿಯಾಯಿತು ಅಂದ. ಬಹಳ ಹೊತ್ತಾದ ಮೇಲೆ ನೋಟ್‌ಬುಕ್ ಮುಚ್ಚಿ ಕೇಳಿದ: "ಖರೇ ಹೇಳು, ಅವ್ವ ಮತ್ತ ಮೊದಲಿನಂಗ ಅಡ್ಡಾಡ್ತಾಳೇನು?" ಅವನು ರೊಕ್ಕದ ಮಾತಾಡುತ್ತಾ ಹೊತ್ತುಕೊಂಡಿದ್ದ ಭಯ ಅದು. ಬೆಡ್‌ಪ್ಯಾನ್ ಮಾತು ಆಡಿದ್ದರೆ ಈ ಪ್ರಶ್ನೆ ಅವನ ಬಾಯಿಂದ ಬರುತ್ತಲೇ ಇರಲಿಲ್ಲ.

ಅವತ್ತು ಅವನು ಕ್ಷಮೆ ಕೇಳಲಿಲ್ಲ. ಮರುದಿನ ಪ್ರಭುಭೋಜನದ, ಅಂದರೆ ಚರ್ಚಿನಲ್ಲಿ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಭಾನುವಾರ. ನಮ್ಮದು ಸಿಎಸ್‌ಐ ಸಭೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. 1947ರಲ್ಲಿ ಬೇರೆ ಬೇರೆ ಸಭೆಗಳು ಕೂಡಿ ಸಿಎಸ್‌ಐ ಆದ ಮೇಲೆ, 1950ರ ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಬಂತು. ಒಬ್ಬರ ಬಲ ಅಂಗೈಗೆ ಇನ್ನೊಬ್ಬರ ಬಲ ಅಂಗೈ ತಾಗಿಸಿ, ಎಡಗೈಯನ್ನು ಮೇಲೆ ಮುಚ್ಚುವುದು. ಎಷ್ಟೋ ವರ್ಷ ಅಭ್ಯಾಸಬಲದಿಂದ ಮಾಡಿದ್ದೆ. ಅವತ್ತು ನನ್ನ ಪಕ್ಕದಲ್ಲಿದ್ದವನು ಅಣ್ಣ. ಎರಡೂ ಕೈಯಿಂದ ಅವನ ಕೈ ಹಿಡಿದಾಗ, ಹಿಂದಿನ ದಿನದ ನೋವನ್ನು ಹೇಳಿಯೇ ಬಂದಿದ್ದೇನೆ, ಮುಚ್ಚಿಟ್ಟು ನಗುತ್ತಿಲ್ಲ ಅನ್ನುವ ಧೈರ್ಯ ಇತ್ತು. ಅವನು ಕೈ ಬಿಡುವುದಕ್ಕೆ ಸ್ವಲ್ಪ ತಡ ಮಾಡಿದ.

ಆಮೇಲಿಂದ ಆಯಾಳ ಸಂಬಳ ಅಣ್ಣನೇ ಕಳಿಸುತ್ತಾನೆ, ಲೆಕ್ಕದ ಫೋಟೋ ನಾನು ವಾಟ್ಸಾಪಿನಲ್ಲಿ ಹಾಕುತ್ತೇನೆ. ಮೊನ್ನೆ ಫಿಸಿಯೋಥೆರಪಿ ವಿಷಯಕ್ಕೆ ಫೋನಿನಲ್ಲಿ ಮತ್ತೆ ದನಿ ಏರಿತು. "ರಾತ್ರಿ ಮಾಡ್ತೀನಿ ಅಣ್ಣಾ" ಅಂದು ಇಟ್ಟೆ. ದೇವರ ಹತ್ತಿರ ಹೇಳಿಕೊಳ್ಳುವುದಿತ್ತು, ಹೇಳಿಕೊಂಡೆ. ಅವ್ವ ಮಲಗಿದ ಮೇಲೆ ಫೋನ್ ಮಾಡಿದೆ. ವಾರಕ್ಕೆ ಮೂರು ದಿನ ಮಾಡಿಸುವುದು, ಖರ್ಚು ಇಬ್ಬರಿಗೂ ಅರ್ಧರ್ಧ ಅಂತ ತೀರ್ಮಾನವಾಯಿತು.