ಟೈಟಾನಿಕ್: ಕಿವಿ ಕೇಳಿದ್ದು, ತಲೆ ಹೇಳಿದ್ದು

ಪತ್ರಿಕೆಯ ಡೆಸ್ಕ್‌ನಲ್ಲಿ ವರ್ಷಗಟ್ಟಲೆ ಬೇರೆಯವರ ಕಾಪಿ ತಿದ್ದಿದವಳು ನಾನು. ಹಾಗಾಗಿ ಟೈಟಾನಿಕ್ ಹಡಗಿಗಿಂತ ಅದರ ಬಗ್ಗೆ ಬಂದ ಮೊದಲ ಸುದ್ದಿಗಳ ಮೇಲೇ ನನಗೆ ಕುತೂಹಲ ಜಾಸ್ತಿ. ಬದುಕಿ ಬಂದವರು ಮೊದಲ ಸಲ ಬಾಯಿ ಬಿಟ್ಟಾಗ ಏನು ಹೇಳಿದರು? ಬರೆದುಕೊಂಡವರು ಯಾರು?

ಹಿಮಬಂಡೆಗೆ ಬಡಿದು ಹಡಗು ಮುಳುಗಿದ್ದು 1912ರ ಏಪ್ರಿಲ್ 15ರ ನಸುಕಿನ 2.20ಕ್ಕೆ. ಬದುಕುಳಿದ ಸುಮಾರು 700 ಜನರನ್ನು ಹತ್ತಿಸಿಕೊಂಡ ಕಾರ್ಪೇಥಿಯಾ ಹಡಗು ನ್ಯೂಯಾರ್ಕ್ ತಲುಪಿದ್ದು 18ರ ರಾತ್ರಿ. ಅಲ್ಲಿಯವರೆಗೆ ಪತ್ರಿಕೆಗಳ ಕೈಯಲ್ಲಿ ಗಟ್ಟಿ ಸುದ್ದಿಯೇ ಇರಲಿಲ್ಲ. ಜಾಗ ಖಾಲಿ ಬಿಡೋಕಾಗುತ್ತಾ? ಪ್ರಯಾಣಿಕರೆಲ್ಲ ಕ್ಷೇಮ, ಹಡಗನ್ನು ಹ್ಯಾಲಿಫ್ಯಾಕ್ಸ್‌ಗೆ ಎಳೆದು ತರುತ್ತಿದ್ದಾರೆ ಅಂತಲೂ ಅಚ್ಚಾಯಿತು.

ವಿಚಿತ್ರ ಅಂದರೆ, ಕಾರ್ಪೇಥಿಯಾದಲ್ಲೇ ಒಬ್ಬ ವರದಿಗಾರ ಇದ್ದ. ಸೇಂಟ್ ಲೂಯಿಸ್ ಪೋಸ್ಟ್-ಡಿಸ್ಪ್ಯಾಚ್‌ನ ಕಾರ್ಲೋಸ್ ಹರ್ಡ್. ಹೆಂಡತಿ ಕ್ಯಾಥರೀನ್ ಜೊತೆ ರಜೆಗೆ ಹೊರಟಿದ್ದ. ಕ್ಯಾಪ್ಟನ್ ರಾಸ್ಟ್ರನ್ ಅವನಿಗೆ ವೈರ್‌ಲೆಸ್ ಬಳಸಲು ಬಿಡಲಿಲ್ಲ, ಬರೆಯುವ ಕಾಗದವೂ ಸಿಗದ ಹಾಗೆ ನೋಡಿಕೊಂಡ. ಗಂಡ ಹೆಂಡತಿ ಇಬ್ಬರೂ ಜನರನ್ನು ಮಾತಾಡಿಸಿದರು, ಸಿಕ್ಕ ಸಿಕ್ಕ ಕಾಗದದಲ್ಲಿ ಬರೆದರು, ಬಚ್ಚಿಟ್ಟರು. ನ್ಯೂಯಾರ್ಕ್ ಹತ್ತಿರ ಬಂದಾಗ ಈವ್ನಿಂಗ್ ವರ್ಲ್ಡ್‌ನ ಸಂಪಾದಕ ಚಾರ್ಲ್ಸ್ ಚಾಪಿನ್ ಟಗ್ ದೋಣಿಯಲ್ಲಿ ಕಾದಿದ್ದ. ಹರ್ಡ್ ತನ್ನ ಕಾಪಿಯನ್ನು ಸಿಗಾರ್ ಡಬ್ಬಿಗೆ ತುಂಬಿ, ನೀರಿಗೆ ಬಿದ್ದರೂ ತೇಲಲಿ ಅಂತ ಶಾಂಪೇನ್ ಬಾಟಲಿಯ ಕಾರ್ಕ್‌ಗಳನ್ನು ಸೇರಿಸಿ, ಟಗ್ ಕಡೆ ಎಸೆದ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ರಾಸ್ಟ್ರನ್ ಮಾಡಿದ್ದು ತಪ್ಪು ಅಂತಲೂ ಹೇಳಲಾರೆ. ನಡುಗುತ್ತಾ ಹತ್ತಿದವರ ಮುಂದೆ ಪೆನ್ಸಿಲ್ ಹಿಡಿದು ನಿಲ್ಲುವುದು ಯಾರಿಗೂ ಚೆಂದವಲ್ಲ.

ಮರುದಿನ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಟೈಟಾನಿಕ್‌ನ ವೈರ್‌ಲೆಸ್ ಆಪರೇಟರ್ ಹೆರಾಲ್ಡ್ ಬ್ರೈಡ್ ಕಥೆ ಬಂತು. ವಯಸ್ಸು 22, ಕಾಲು ನೆಲಕ್ಕೆ ಊರಲಾಗದ ಸ್ಥಿತಿ. ವೈರ್‌ಲೆಸ್ ಕಂಪನಿಯ ಒಡೆಯ ಮಾರ್ಕೋನಿ ಅವನನ್ನು ನೋಡಲು ಕಾರ್ಪೇಥಿಯಾ ಹತ್ತಿದಾಗ ಜೊತೆಗೆ ಪತ್ರಿಕೆಯವನೂ ನುಸುಳಿದ್ದ. ಕಥೆಗೆ ದುಡ್ಡೂ ಕೊಟ್ಟರು. ಸಹೋದ್ಯೋಗಿ ಫಿಲಿಪ್ಸ್‌ನ ಲೈಫ್‌ಬೆಲ್ಟ್ ಕದಿಯಲು ಬಂದವನನ್ನು ಹೊಡೆದು ಕೆಡವಿದ್ದು ಅದರಲ್ಲಿದೆ. ನಡೆದಿರಬಹುದು. ಆದರೆ ಆ ವಾಕ್ಯಗಳ ಮೇಲೆ ವರದಿಗಾರನ ಕೈ ಆಡಿರುವುದು ನನ್ನಂಥವಳಿಗೆ ಕಾಣದೇ ಇರುತ್ತಾ?

ನನಗೆ ತುಂಬಾ ಹಿಡಿಸಿದವನು ಲಾರೆನ್ಸ್ ಬೀಸ್ಲಿ. ಲಂಡನ್‌ನ ಡಲ್ವಿಚ್ ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು, ಎರಡನೇ ದರ್ಜೆಯ ಪ್ರಯಾಣಿಕ. ಅದೇ ವರ್ಷ ಪುಸ್ತಕ ಬರೆದ. ಅವನು ಮೊದಲು ಗಮನಿಸಿದ್ದು ಹಾಸಿಗೆಯನ್ನು! ಮಲಗಿ ಓದುತ್ತಿದ್ದಾಗ ಎಂಜಿನ್ ಅದುರು ಹಾಸಿಗೆಯಲ್ಲಿ ಗೊತ್ತಾಗುತ್ತಿತ್ತು, ಅದು ನಿಂತುಹೋಯಿತು. ಆಮೇಲೆ ಮೆಟ್ಟಿಲು ಇಳಿಯುವಾಗ ಕಾಲು ಎಣಿಸಿದ ಜಾಗಕ್ಕೆ ಬೀಳುತ್ತಿಲ್ಲ. ಹಡಗಿನ ಮೂತಿ ಆಗಲೇ ತಗ್ಗಿತ್ತು. ಸ್ಮೋಕಿಂಗ್ ರೂಮಿನಲ್ಲಿ ಇಸ್ಪೀಟ್ ಆಡುತ್ತಿದ್ದವನೊಬ್ಬ ವಿಸ್ಕಿ ಗ್ಲಾಸ್ ತೋರಿಸಿ, ಡೆಕ್ ಮೇಲೆ ಐಸ್ ಬಿದ್ದಿದೆಯಾ ನೋಡಿ ಬಾ ಅಂದನಂತೆ. ಇಂಥವನ್ನು ಕಟ್ಟಿ ಹೇಳೋದು ಕಷ್ಟ.

ಇದೇ ಬೀಸ್ಲಿ, ಕೊನೆಯಲ್ಲಿ 13ನೇ ಲೈಫ್‌ಬೋಟ್‌ನಿಂದ ದೊಡ್ಡ ಗದ್ದಲ ಕೇಳಿಸಿಕೊಂಡ. ಎಂಜಿನ್‌ಗಳು, ಯಂತ್ರಗಳು ಕಿತ್ತು ಹಡಗಿನೊಳಗೇ ಉರುಳಿದ ಸದ್ದು ಅಂತ ಬರೆದ. ಹಡಗು ಇಡಿಯಾಗಿಯೇ ಮುಳುಗಿತು ಅನ್ನುವುದು ಅವನ ವಾದ. ಕಿವಿ ಮೋಸ ಮಾಡಲಿಲ್ಲ, ಅರ್ಥ ಹಚ್ಚುವಾಗ ವಿಜ್ಞಾನದ ಮೇಷ್ಟ್ರು ಎಡವಿದರು. ಬದುಕಿ ಬಂದ ಪ್ರಯಾಣಿಕ ಕರ್ನಲ್ ಗ್ರೇಸಿಯೂ ಇಡಿಯಾಗಿ ಮುಳುಗಿತು ಅಂದ, ಹಡಗಿನ ಅಧಿಕಾರಿ ಲೈಟಾಲರ್ ಕೂಡ ಅದನ್ನೇ ಹೇಳಿದ. ಎರಡು ತುಂಡಾಯಿತು ಅಂದವರಲ್ಲಿ 17 ವರ್ಷದ ಜ್ಯಾಕ್ ಥೇಯರ್ ಒಬ್ಬ. ಅವನು ಹೇಳಿದ್ದನ್ನು ಕೇಳಿ ಕಾರ್ಪೇಥಿಯಾದ ಪ್ರಯಾಣಿಕನೊಬ್ಬ ಚಿತ್ರವನ್ನೂ ಬರೆದ, ಅದು ಪತ್ರಿಕೆಗಳಲ್ಲೂ ಬಂತು. ಆದರೂ ಲಾರ್ಡ್ ಮರ್ಸಿಯ ಬ್ರಿಟಿಷ್ ವಿಚಾರಣೆ ಹಡಗು ತುಂಡಾಗಲಿಲ್ಲ ಎಂದೇ ಬರೆಯಿತು. 1985ರಲ್ಲಿ ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು. ಎರಡು ಭಾಗ, ನಡುವೆ ಸುಮಾರು 600 ಮೀಟರ್.

ನನ್ನ ತಕರಾರು ಇನ್ನೊಂದಿದೆ. ಆ ಬ್ರಿಟಿಷ್ ವಿಚಾರಣೆ ಮೂರನೇ ದರ್ಜೆಯ ಒಬ್ಬ ಪ್ರಯಾಣಿಕನನ್ನೂ ಸಾಕ್ಷಿಗೆ ಕರೆಯಲಿಲ್ಲ. ಅಮೆರಿಕದ ಸೆನೆಟ್ ಮೂವರನ್ನು ಕೇಳಿತು. ಅವರಲ್ಲಿ ಒಬ್ಬ ಐರ್ಲೆಂಡಿನ ಹುಡುಗ ಡೇನಿಯಲ್ ಬಕ್ಲಿ. ಮೇಲೆ ಹತ್ತಲು ಹೋದ ಪ್ರಯಾಣಿಕನೊಬ್ಬನನ್ನು ನಾವಿಕ ಕೆಳಗೆ ತಳ್ಳಿ ಗೇಟಿಗೆ ಬೀಗ ಹಾಕಿದ, ತಳ್ಳಿಸಿಕೊಂಡವನು ಬೀಗ ಮುರಿದು ಅವನ ಹಿಂದೆ ಓಡಿದ ಎಂದು ಬಕ್ಲಿ ಹೇಳಿದ್ದಾನೆ. ಗಂಡಸರನ್ನು ದೋಣಿಯಿಂದ ಇಳಿಸುವಾಗ ತನ್ನ ಮೇಲೆ ಒಬ್ಬ ಹೆಂಗಸು ಶಾಲು ಹೊದಿಸಿದಳು, ಅದಕ್ಕೇ ಉಳಿದುಕೊಂಡೆ ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿದ್ದಾನೆ. ಸೆನೆಟ್ ವಿಚಾರಣೆಯ ಪ್ರಶ್ನೋತ್ತರ ಪೂರ್ತಿ ಅಂತರ್ಜಾಲದಲ್ಲಿದೆ. ಓದುವುದಾದರೆ ದೊಡ್ಡವರನ್ನು ಬಿಟ್ಟು ಬಕ್ಲಿಯಿಂದಲೇ ಶುರು ಮಾಡಿ.